ಹೆಸರು ಗೊತ್ತಿಲ್ಲದ ವಸ್ತು



ಒಂದು ಪೆನ್ನಿನಿಂದ ಶುರು ಮಾಡುತ್ತೇನೆ. ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಮಂಚದ ಹತ್ತಿರ ಎರಡನೆಯದೋ ಮೂರನೆಯದೋ ದಿನ ಬಿಳಿ ಕೋಟಿನವರೊಬ್ಬರು ಬರುತ್ತಾರೆ. ಜೇಬಿನಿಂದ ಪೆನ್ನು ತೆಗೆದು ಮುಖದ ಮುಂದೆ ಹಿಡಿದು, 'ಇದೇನು ಹೇಳಿ ನೋಡೋಣ' ಅನ್ನುತ್ತಾರೆ. ಮಂಚದ ಮೇಲಿರುವವರು ಮೂವತ್ತೈದು ವರ್ಷ ಸೊಸೈಟಿಯ ಲೆಕ್ಕ ಬರೆದವರು. ಅದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಯಾವ ಅಂಗಡಿಯಲ್ಲಿ ಅದರ ರಿಫಿಲ್ ಸಿಗುತ್ತದೆ ಎನ್ನುವುದೂ ಗೊತ್ತು. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ತುಟಿ ಅಲುಗುತ್ತದೆ, ಕೊನೆಗೆ 'ಬೀಗ' ಎಂದುಬಿಡುತ್ತಾರೆ. ತಪ್ಪೆಂದು ಅವರಿಗೇ ತಿಳಿದು ಕಣ್ಣು ತುಂಬುತ್ತದೆ. ಪಕ್ಕದಲ್ಲಿ ನಿಂತ ಮಗ, 'ಪೆನ್ನು ಅನ್ನಪ್ಪಾ, ಪೆ-ನ್ನು' ಎಂದು ಅಂಗನವಾಡಿಯ ಮಗುವಿಗೆ ಹೇಳಿಕೊಡುವಂತೆ ಹೇಳಿಕೊಡುತ್ತಾನೆ.

ಆ ಪೆನ್ನು ಹಿಡಿದ ಕೈಗಳಲ್ಲಿ ನನ್ನದೂ ಒಂದು. ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಪರೀಕ್ಷೆ ಬೇಕೇ ಬೇಕು. ಮಿದುಳಿನ ಯಾವ ಭಾಗಕ್ಕೆ ಎಷ್ಟು ಪೆಟ್ಟಾಗಿದೆ ಎಂದು ಅಳೆಯದೆ ಚಿಕಿತ್ಸೆ ನಡೆಯದು. ಆದರೆ ಪೆನ್ನಾದ ಮೇಲೆ ಕೈಗಡಿಯಾರ, ಅದಾದ ಮೇಲೆ ಕೈ ಎತ್ತಿ, ಕಾಲು ಮಡಚಿ, ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು? ಸ್ಟ್ರೋಕ್ ಆದವರ ಪಾಲಿಗೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಪರೀಕ್ಷೆ, ಅದೂ ಫೇಲಾಗುತ್ತೇನೆಂದು ಮೊದಲೇ ಗೊತ್ತಿರುವ ಪರೀಕ್ಷೆ. ಇವತ್ತು ನಾನು ಮಾತಾಡಬೇಕೆಂದಿರುವುದು ಪರೀಕ್ಷೆಯಿಲ್ಲದ ಒಂದು ಅರ್ಧ ಗಂಟೆಯ ಬಗ್ಗೆ. ಅದನ್ನು ಆಸ್ಪತ್ರೆಗೆ ತಂದುಕೊಟ್ಟವರು ಮ್ಯೂಸಿಯಂನವರು.

ನಮ್ಮ ಮಾತಿನಲ್ಲಿ ಈ ಕಾಯಿಲೆ ಪೂರ್ತಿ ಬೀಳುವುದರ ಮೇಲೇ ನಿಂತಿದೆ. ಕೈ ಬಿದ್ದುಹೋಯಿತು, ಬಾಯಿ ಬಿದ್ದುಹೋಯಿತು, ಒಂದು ಕಡೆ ಪೂರಾ ಬಿದ್ದಿದೆ ಎನ್ನುತ್ತೇವೆ. ಎಲ್ಲ ಬಿದ್ದಮೇಲೆ ಮನುಷ್ಯ ಹಿಡಿಯುವುದು ಒಂದನ್ನೇ, ಹಾಸಿಗೆಯನ್ನು. ಮಿದುಳಿಗೆ ಹೋಗುವ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡರೆ ಅಥವಾ ಒಡೆದರೆ ಸ್ಟ್ರೋಕ್. ಮುಚ್ಚಿಕೊಂಡದ್ದಾದರೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಹಾಗಾಗಿ ಬಾಯಿ ಸೊಟ್ಟಗಾದರೆ, ತೋಳು ಜೋತುಬಿದ್ದರೆ, ಇಲ್ಲವೇ ಮಾತು ತೊದಲಿದರೆ ಗಡಿಯಾರ ನೋಡಿ ಹೊರಡಿ. ಪಾರಿವಾಳದ ರಕ್ತ ಹಚ್ಚುವವರ ಮನೆ ಹುಡುಕಬೇಡಿ. ಇದು ಇವತ್ತಿನ ವಿಷಯವಲ್ಲ, ಆದರೂ ಮೈಕು ಸಿಕ್ಕಾಗ ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಪೆಟ್ಟು ಮಿದುಳಿನ ಎಡಕ್ಕಾದರೆ ಮೈಯ ಬಲಗಡೆ ಬೀಳುತ್ತದೆ. ಬಹಳ ಜನರಲ್ಲಿ ಜೊತೆಗೆ ಮಾತೂ ಹೋಗುತ್ತದೆ. ಕೈಕಾಲಿನ ಕಥೆ ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಮನಸ್ಸಿನದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಎಂದು ದೇಶದೇಶಗಳ ಅಧ್ಯಯನಗಳು ಹೇಳುತ್ತವೆ. ಖಿನ್ನತೆ ಬಂದವರು ವ್ಯಾಯಾಮ ಮಾಡುವುದಿಲ್ಲ, ವ್ಯಾಯಾಮ ಮಾಡದವರ ಕೈ ಸುಧಾರಿಸುವುದಿಲ್ಲ, ಕೈ ಸುಧಾರಿಸಲಿಲ್ಲವೆಂದು ಖಿನ್ನತೆ ಹೆಚ್ಚುತ್ತದೆ. ಮನೆಯವರು ಇದಕ್ಕೆ 'ಹಟ' ಎಂದು ಹೆಸರಿಡುತ್ತಾರೆ.

ಮ್ಯೂಸಿಯಂಗೂ ಮಾತು ಬಿದ್ದುಹೋಗುವುದಕ್ಕೂ ಹಳೆಯ ನಂಟಿದೆ, ಆದರೆ ಅದು ಬೇರೆ ಬಗೆಯದು. 1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ, ಮಾತು ಕಳೆದುಕೊಂಡ ರೋಗಿಯೊಬ್ಬನನ್ನು ನೋಡಿದ. ಏನು ಕೇಳಿದರೂ ಅವನು ಹೇಳುತ್ತಿದ್ದದ್ದು 'ತಾನ್, ತಾನ್'. ಅವನಿದ್ದದ್ದು ಅದೇ ಆಸ್ಪತ್ರೆಯಲ್ಲಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ. ಬ್ರೋಕಾ ನೋಡಿದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಮಿದುಳು ತೆರೆದು ನೋಡಿದರೆ ಎಡಭಾಗದ ಮುಂದೆ ಹಾನಿಯಾಗಿತ್ತು. ಮಾತಿಗೊಂದು ಜಾಗವಿದೆ ಎಂದು ವೈದ್ಯಲೋಕ ಒಪ್ಪಿದ್ದು ಅಲ್ಲಿಂದ. ಆ ಮಿದುಳನ್ನು ಪ್ಯಾರಿಸ್ಸಿನ ದುಪುಯ್ತ್ರಾಂ ಮ್ಯೂಸಿಯಂನಲ್ಲಿ ಜಾಡಿಯಲ್ಲಿಟ್ಟರು. ಮನುಷ್ಯನ ಹೆಸರು ಮರೆತು 'ತಾನ್' ಉಳಿಯಿತು. ಅವನ ಪೂರ್ತಿ ಹೆಸರು ಲೂಯಿ ವಿಕ್ಟರ್ ಲೆಬೋರ್ನ್ ಎಂದೂ, ಕಾಯಿಲೆ ಜೋರಾಗುವ ಮೊದಲು ಅವನು ಬೂಟು ಹೊಲಿಯುವವರಿಗೆ ಮರದ ಪಾದದಚ್ಚು ಮಾಡಿಕೊಡುತ್ತಿದ್ದನೆಂದೂ ಹಳೆಯ ದಾಖಲೆಗಳಿಂದ ಹೊರಬಂದದ್ದು 2013ರಲ್ಲಿ, ಅಂದರೆ ನೂರೈವತ್ತು ವರ್ಷ ಕಳೆದ ಮೇಲೆ.

ಈ ಸಂಗತಿ ಓದಿದಾಗ ನನಗೆ ಬಂದ ಯೋಚನೆ ಒಂದೇ. ಲೆಬೋರ್ನ್‌ನ ಬಲಗೈ ಬಿದ್ದಿತ್ತು, ಎಡಗೈ ಇತ್ತು. ಆ ಕೈಯಲ್ಲೇ ಸನ್ನೆ ಮಾಡುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ದಿನ ಯಾರಾದರೂ ಅವನ ಎಡಗೈಗೆ ಒಂದು ಮರದ ಪಾದದಚ್ಚನ್ನು ಕೊಟ್ಟಿದ್ದರೆ?

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಿದುಳಿನ ಮ್ಯೂಸಿಯಂ ಇದೆ. ಜನಸಾಮಾನ್ಯರೂ ಹೋಗಿ ನೋಡಬಹುದು. ಜಾಡಿಗಳ ಮುಂದೆ ಶಾಲೆಯ ಮಕ್ಕಳು ಬಾಯಿ ಬಿಟ್ಟು ನಿಂತಿರುವುದನ್ನು ನೋಡಿದರೆ ಖುಷಿಯಾಗುತ್ತದೆ. ಮಿದುಳಿನ ಬಗ್ಗೆ ಕಲಿಯಲು ಅಂಥ ಜಾಗ ಬೇಕು. ನಾನು ಹೇಳುತ್ತಿರುವುದು ಅದರ ಎದುರು ದಿಕ್ಕಿನ ಪ್ರಯಾಣದ ಬಗ್ಗೆ. ರೋಗಿಯ ಮಿದುಳು ಮ್ಯೂಸಿಯಂಗೆ ಹೋಗುವ ಬದಲು, ಮ್ಯೂಸಿಯಂನ ವಸ್ತು ರೋಗಿಯ ಕೈಗೆ ಬಂದ ಪ್ರಯಾಣ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ತನ್ನದೇ ಮ್ಯೂಸಿಯಂಗಳಿವೆ. 1828ರಲ್ಲಿ ರಾಬರ್ಟ್ ಗ್ರಾಂಟ್ ಶುರುಮಾಡಿದ ಪ್ರಾಣಿಶಾಸ್ತ್ರದ ಸಂಗ್ರಹ ಒಂದು. 1892ರ, ಈಜಿಪ್ಟಿನ ಪುರಾತನ ವಸ್ತುಗಳ ಪೀಟ್ರಿ ಮ್ಯೂಸಿಯಂ ಇನ್ನೊಂದು. ಖನಿಜಗಳು, ಅಚ್ಚಿನ ಚಿತ್ರಗಳು ಬೇರೆ. 2008ರ ಸುಮಾರಿಗೆ ಹೆಲೆನ್ ಚಟರ್ಜಿ ಎಂಬ ಜೀವವಿಜ್ಞಾನಿ ಮತ್ತು ಅವರ ಸಂಗಡಿಗರು ಈ ಸಂಗ್ರಹಗಳಿಂದ ಪುಟ್ಟ ಪುಟ್ಟ ಪೆಟ್ಟಿಗೆ ಜೋಡಿಸಿ ಆಸ್ಪತ್ರೆಯ ವಾರ್ಡುಗಳಿಗೆ ಒಯ್ದರು. ಪೆಟ್ಟಿಗೆಯಲ್ಲಿ ನಾಲ್ಕಾರು ವಸ್ತು. ಮಂಚದ ಪಕ್ಕ ಕೂತು ಮೂವತ್ತರಿಂದ ನಲವತ್ತು ನಿಮಿಷ. ರೋಗಿ ಒಂದನ್ನು ಆರಿಸಿಕೊಳ್ಳಬೇಕು, ಹಿಡಿದು ನೋಡಬೇಕು, ತೋಚಿದ್ದನ್ನು ಹೇಳಬೇಕು, ಹೇಳದಿದ್ದರೂ ಸರಿ.

ಇದರಲ್ಲಿ ಏನು ಮಹಾ ಎಂದು ನನಗೂ ಅನ್ನಿಸಿತ್ತು. ನಮ್ಮ ವೃತ್ತಿಯದೇ ಪತ್ರಿಕೆಯಾದ ಬ್ರಿಟಿಷ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಯಲ್ಲಿ 2013ರಲ್ಲಿ ಅವರದೊಂದು ಲೇಖನ ಬಂತು. ನರರೋಗದಿಂದ ಚೇತರಿಸಿಕೊಳ್ಳುತ್ತಿದ್ದವರೊಂದಿಗೂ ಮಾನಸಿಕ ಆರೋಗ್ಯ ಸೇವೆಯಲ್ಲಿದ್ದವರೊಂದಿಗೂ ಮಾಡಿದ ಕೆಲಸ. ಅದನ್ನು ಎರಡು ಸಲ ಓದಿದ ಮೇಲೆ ಗುಟ್ಟು ಹೊಳೆಯಿತು. ಸಾವಿರಾರು ವರ್ಷ ಹಿಂದಿನ ಈಜಿಪ್ಟಿನ ಪುಟ್ಟ ತಾಯಿತದಂಥದ್ದನ್ನು ಕೈಗಿಟ್ಟರೆ ಅದರ ಹೆಸರು ರೋಗಿಗೂ ಗೊತ್ತಿರುವುದಿಲ್ಲ, ನರ್ಸಿಗೂ ಗೊತ್ತಿರುವುದಿಲ್ಲ, ನೋಡಲು ಬಂದ ಸೊಸೆಗೂ ಗೊತ್ತಿರುವುದಿಲ್ಲ. ಎಲ್ಲರೂ ಒಂದೇ ದೋಣಿಯಲ್ಲಿ. ಪೆನ್ನಿನ ಹೆಸರು ಬರದಿದ್ದರೆ ಅವಮಾನ. ಈ ವಸ್ತುವಿನ ಹೆಸರು ಬರದಿದ್ದರೆ ಕುತೂಹಲ.

ಮತ್ತೆ, ಕೈಯ ಮಾತು. ಆ ಸಂಶೋಧಕರು ಒಂದು ಗುಂಪಿಗೆ ವಸ್ತುಗಳನ್ನೇ ಕೊಟ್ಟರು, ಇನ್ನೊಂದು ಗುಂಪಿಗೆ ಅವುಗಳ ಫೋಟೋ ತೋರಿಸಿ ಅದೇ ರೀತಿ ಮಾತಾಡಿಸಿದರು. ಮೊದಲು ಮತ್ತು ನಂತರ ಮನಸ್ಸಿನ ಸ್ಥಿತಿಯನ್ನು ಅಳೆದಾಗ ಮುಟ್ಟಿದವರಲ್ಲಿ ಉಲ್ಲಾಸ ಹೆಚ್ಚಾಗಿ ಕಂಡಿತು. ಕಣ್ಣು ಒಪ್ಪಿಕೊಂಡದ್ದನ್ನು ಕೈ ಪ್ರಶ್ನಿಸುತ್ತದೆ: ಇಷ್ಟು ಚಿಕ್ಕದು ಇಷ್ಟೇಕೆ ಭಾರ, ಈ ಅಂಚೇಕೆ ನುಣುಪು, ಹೆಬ್ಬೆರಳು ತಾನಾಗಿ ಹೋಗಿ ಕೂರುವ ಈ ಗುಳಿಯನ್ನು ಯಾರು ಮಾಡಿದರು. ಆದಿಮಾನವರ ಕೈಗೊಡಲಿಯನ್ನು ಹಿಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಅಂಥ ಕಲ್ಲಿಗೆ ನಾವು ಲಂಡನ್ನಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದ ಕಡೆ ಹತ್ತು ಲಕ್ಷ ವರ್ಷಕ್ಕೂ ಹಿಂದಿನವು ಸಿಕ್ಕಿವೆ.

ನಾನು ಯೂನಿವರ್ಸಿಟಿಯವಳಲ್ಲ, ನನಗೆ ಪೀಟ್ರಿಯ ಪೆಟ್ಟಿಗೆ ಯಾರು ಕೊಡುತ್ತಾರೆ? ಅಜ್ಜಿಯ ಮನೆಯ ಅಟ್ಟ ಇತ್ತು. ಅಲ್ಲಿಂದ ಒಂದು ಹಿತ್ತಾಳೆ ಪಾವು, ಅಡಕತ್ತರಿ, ಒತ್ತುಶ್ಯಾವಿಗೆಯ ಬಿಲ್ಲೆ, ಅಳಗುಳಿಮಣೆಯ ಕವಡೆ, ಸುಣ್ಣದ ಡಬ್ಬಿ, ಯಾವುದೋ ಚಕ್ಕಡಿಯಿಂದ ಕಳಚಿದ ಕಬ್ಬಿಣದ ಕೊಂಡಿ ಆರಿಸಿ ಒಂದು ಚೀಲಕ್ಕೆ ಹಾಕಿಕೊಂಡೆ. ವಾರ್ಡಿನಲ್ಲಿ ಸೋಂಕಿನ ಭಯ, ಆದ್ದರಿಂದ ಸ್ಪಿರಿಟ್ಟಿನಲ್ಲಿ ಒರೆಸಿದರೆ ಕೆಡದ ಲೋಹ, ಕವಡೆ ಇಂಥವೇ ಹೆಚ್ಚು. ಬಟ್ಟೆ, ಬುಟ್ಟಿ, ತೊಗಲು ಮನೆಯಲ್ಲೇ ಉಳಿದವು.

ಅಡಿಕೆ ತೋಟದ ಯಜಮಾನರೊಬ್ಬರಿದ್ದರು, ಅರವತ್ತರ ಆಸುಪಾಸು. ಬಲಗಡೆ ಬಿದ್ದಿತ್ತು, ಮಾತು 'ಅಯ್ಯೋ' ಮತ್ತು 'ಹೂಂ' ಎರಡಕ್ಕೆ ಇಳಿದಿತ್ತು. ಮೂರು ವಾರ ನನ್ನ ರಬ್ಬರ್ ಚೆಂಡು, ಗೂಟದ ಹಲಗೆ ಎಲ್ಲವನ್ನೂ ಎಡಗೈಯಿಂದ ತಳ್ಳಿ ಗೋಡೆ ಕಡೆ ತಿರುಗಿಕೊಂಡಿದ್ದರು. ಆ ದಿನ ಚೀಲವನ್ನು ಮಂಚದ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂತೆ. ಕಣ್ಣು ಅಡಕತ್ತರಿಯ ಮೇಲೆ ಹೋಯಿತು. ಎಡಗೈ ಬಂತು. ಎತ್ತಿಕೊಂಡರು, ಅಲಗನ್ನು ಹೆಬ್ಬೆರಳಿನಿಂದ ಸವರಿದರು, ಮೂಗಿನ ಹತ್ತಿರ ಒಯ್ದು ಮೂಸಿದರು. ಒಂದೇ ಕೈಯಲ್ಲಿ ಅದನ್ನು ತೆರೆದು ಮುಚ್ಚಿ ನೋಡಿದಾಗ ಹಿಡಿ ಅಲ್ಲಾಡಿತು. ಎರಡು ಭಾಗವನ್ನು ಸೇರಿಸುವ ಮೊಳೆ ಸಡಿಲವಾಗಿತ್ತು. ಇಷ್ಟು ದಿನ ನಾನದನ್ನು ಗಮನಿಸಿರಲಿಲ್ಲ. ನನ್ನ ಮುಖ ನೋಡಿದರು. ಆ ನೋಟದಲ್ಲಿ ತಿರಸ್ಕಾರವಿತ್ತು, ಇಂಥದ್ದನ್ನೂ ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲವೇ ಎನ್ನುವಂತೆ. ಅಡಕತ್ತರಿಯ ಮೊಳೆಯ ತಲೆಯನ್ನು ಮಂಚದ ಕಬ್ಬಿಣದ ಪಟ್ಟಿಗೆ ಟಣ್ ಟಣ್ ಎಂದು ಎರಡು ಸಲ ಹೊಡೆದರು. ಇಡೀ ವಾರ್ಡು ತಿರುಗಿ ನೋಡಿತು. ಮತ್ತೆ ಅಲ್ಲಾಡಿಸಿ ನೋಡಿ, ಸಮಾಧಾನವಾಗಿ, ನನ್ನ ಕೈಗೆ ಕೊಟ್ಟರು.

ಮಾತು ಬರಲಿಲ್ಲ. ಬಲಗೈ ಏಳಲಿಲ್ಲ. ಪವಾಡಕ್ಕಾಗಿ ಕಾಯುತ್ತಿದ್ದವರು ಕ್ಷಮಿಸಬೇಕು. ಅವತ್ತು ಆದದ್ದೆಂದರೆ, ಮೂರು ವಾರದಿಂದ ಎಲ್ಲರೂ ತಿದ್ದುತ್ತಿದ್ದ ಮನುಷ್ಯ ಇನ್ನೊಬ್ಬರನ್ನು ತಿದ್ದಿದರು. ಮಾರನೆಯ ದಿನ ನಾನು ಹೋದಾಗ ಗೋಡೆಗೆ ಮುಖ ಮಾಡಿರಲಿಲ್ಲ.

ಚೀಲ ಸೋತದ್ದೂ ಉಂಟು. ಒಬ್ಬ ಅಮ್ಮನಿಗೆ ಒತ್ತುಶ್ಯಾವಿಗೆ ಬಿಲ್ಲೆ ಕೊಟ್ಟೆ. ಅವರಿಗೆ ಮಾತು ಚೆನ್ನಾಗಿಯೇ ಇತ್ತು. 'ಇದನ್ನ ಅತ್ತೆ ಮನೇಲಿ ಒತ್ತಿ ಒತ್ತಿನೇ ನನ್ನ ರಟ್ಟೆ ಬಿದ್ದಿರೋದು, ಆಚೆ ಇಡಮ್ಮ' ಅಂದರು. ಹಳೆಯ ವಸ್ತುವೆಂದರೆ ಎಲ್ಲರಿಗೂ ಹಂಬಲ ಉಕ್ಕುತ್ತದೆ ಎಂದುಕೊಳ್ಳುವುದು ಅದನ್ನು ಎಂದೂ ಬಳಸದವರ ಭ್ರಮೆ. ಬೀಸುವ ಕಲ್ಲು ಕಂಡರೆ ಹಾಡು ನೆನಪಾಗುವುದು ನಮ್ಮಂಥ ಉಪನ್ಯಾಸಕರಿಗೆ. ಬೀಸಿದವರಿಗೆ ನೆನಪಾಗುವುದು ಬೆಳಗಿನ ಜಾವದ ನಾಲ್ಕು ಗಂಟೆ. ಆ ಅಮ್ಮನಿಗೆ ಇಷ್ಟವಾದದ್ದು, ಆಕೆ ಎಂದೂ ಕಂಡಿರದ ಸಮುದ್ರದ ಶಂಖ.

ಹಾಡಿನ ಮಾತು ಬಂತು. ಈ ಕ್ಷೇತ್ರದಲ್ಲಿ ಅಂಕಿ ಅಂಶ ಕೊಂಚ ಗಟ್ಟಿಯಾಗಿರುವುದು ಸಂಗೀತದಲ್ಲೇ. ಹೆಲ್ಸಿಂಕಿಯಲ್ಲಿ ತೆಪ್ಪೊ ಸಾರ್ಕಾಮೊ ಮತ್ತು ಸಂಗಡಿಗರು ಆಗಷ್ಟೇ ಸ್ಟ್ರೋಕ್ ಆಗಿದ್ದ 60 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅವರವರಿಗೆ ಇಷ್ಟವಾದ ಸಂಗೀತ, ಒಂದಕ್ಕೆ ಧ್ವನಿಪುಸ್ತಕ, ಇನ್ನೊಂದಕ್ಕೆ ಮಾಮೂಲು ಚಿಕಿತ್ಸೆ ಮಾತ್ರ. ಎರಡು ತಿಂಗಳು, ದಿನಕ್ಕೆ ಒಂದು ಗಂಟೆಯಾದರೂ ಕೇಳಬೇಕು. 2008ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಸಂಗೀತ ಕೇಳಿದವರಲ್ಲಿ ಮಾತಿನ ನೆನಪು ಮತ್ತು ಗಮನ ಹೆಚ್ಚು ಸುಧಾರಿಸಿತ್ತು, ಮನಸ್ಸಿನ ಕುಗ್ಗು ಕಡಿಮೆಯಿತ್ತು. ಖರ್ಚು ಒಂದು ಪ್ಲೇಯರ್. ನಮ್ಮ ವಾರ್ಡುಗಳಲ್ಲಿ ಗೋಡೆಗೆ ಟಿವಿ ಇರುತ್ತದೆ, ಅದರಲ್ಲಿ ಹಗಲಿಡೀ ಚರ್ಚೆ. ಅದು ಯಾರ ಆಯ್ಕೆ ಎಂದು ಯಾರೂ ಕೇಳುವುದಿಲ್ಲ. ಅವರವರಿಗೆ ಇಷ್ಟವಾದದ್ದು ಎಂಬುದೇ ಆ ಪ್ರಯೋಗದ ಜೀವ.

ನೀರು ಕೇಳಲು ಬಾರದ ಅಜ್ಜಿ ದೇವರನಾಮವನ್ನು ಪೂರ್ತಿ ಹಾಡುವುದನ್ನು ಇಲ್ಲಿರುವ ಕೆಲವರಾದರೂ ಕಂಡಿದ್ದೀರಿ. ಮನೆಯವರಿಗೆ ಅದು ದೈವಲೀಲೆ ಅನ್ನಿಸುತ್ತದೆ, ಇಲ್ಲವೇ ನಾಟಕ ಅನ್ನಿಸುತ್ತದೆ. ಎರಡೂ ಅಲ್ಲ. ಮಾತಿಗೆ ಎಡ ಮಿದುಳು ಮುಖ್ಯ. ಧಾಟಿಗೆ ಬಲಭಾಗದ ಬೆಂಬಲವೂ ಉಂಟು. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಈ ದಾರಿಯನ್ನೇ ಚಿಕಿತ್ಸೆಯಾಗಿಸಿದರು. ಎಡಗೈಯಿಂದ ತಾಳ ಹಾಕಿಸುತ್ತಾ, ದಿನಬಳಕೆಯ ಸಣ್ಣ ವಾಕ್ಯಗಳನ್ನು ರಾಗದಲ್ಲಿ ಹೇಳಿಸಿ, ಮೆಲ್ಲನೆ ರಾಗ ಇಳಿಸಿ ಮಾತಿಗೆ ತರುವುದು. ಹಾಡು ಬಂದವರಿಗೆಲ್ಲ ಮಾತು ಬಂದೇಬಿಡುತ್ತದೆಂದಲ್ಲ, ಅದಕ್ಕೆ ತಿಂಗಳುಗಟ್ಟಲೆ ಕೂರಬೇಕು.

ಚಿತ್ರ ಬಿಡಿಸುವುದು, ಬರೆಯುವುದು, ಮಣ್ಣು ಕಲೆಸುವುದು ಇನ್ನೊಂದು ಕವಲು. ಇಂಗ್ಲೆಂಡಿನ ಬೋರ್ನ್‌ಮತ್ ಮತ್ತು ಕೇಂಬ್ರಿಡ್ಜ್‌ನಲ್ಲಿ 'ಹಾರ್ಟ್ ಆಫ್ ಸ್ಟ್ರೋಕ್' ಎಂಬ ಪ್ರಯೋಗ ನಡೆಯಿತು. ಮನೆಗೆ ಮರಳಿದವರ ಸಣ್ಣ ಗುಂಪು, ನಡೆಸುವವರು ಕಲಾವಿದರು, ಎರಡೆರಡು ಗಂಟೆಯ ಹತ್ತು ಭೇಟಿ. ಅದನ್ನು ಮಾಡಿದವರು ಗೆದ್ದೆವೆಂದು ಜಾಗಟೆ ಹೊಡೆಯಲಿಲ್ಲ. ದೊಡ್ಡ ಪರೀಕ್ಷೆ ಮಾಡಲು ಸಾಧ್ಯವೇ ಎಂದು ನೋಡುವುದಷ್ಟೇ ಉದ್ದೇಶ ಎಂದು ಮೊದಲೇ ಹೇಳಿಕೊಂಡಿದ್ದರು. ಈ ಸಂಕೋಚ ನನಗೆ ಹಿಡಿಸುತ್ತದೆ. ಯಾಕೆಂದರೆ ಈಗ 'ಥೆರಪಿ' ಎಂಬ ಬಾಲ ಅಂಟಿಸಿದರೆ ಬಣ್ಣದ ಪೆನ್ಸಿಲ್ ಡಬ್ಬಿಯ ಬೆಲೆ ಮೂರು ಪಟ್ಟಾಗುತ್ತದೆ. ಮ್ಯೂಸಿಯಂಗೆ ಹೋದರೆ ಸೆಟೆದ ಬೆರಳು ಬಿಚ್ಚಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನ ಪೆಟ್ಟಿಗೆಗಳ ಫಲವನ್ನು ಅಳೆದದ್ದೂ ಆ ಅರ್ಧ ಗಂಟೆಯ ಹಿಂದುಮುಂದೆಯೇ; ಅದು ಮುಂದಿನ ತಿಂಗಳ ಮಾತಲ್ಲ. ಫಿಸಿಯೋಥೆರಪಿಗೆ ಬದಲಾಗಿ ಇದು ಎಂದರೆ ಅದು ಮೋಸ. ಜೊತೆಗೆ ಇದೂ ಎಂದರೆ ನಾನು ಕೈ ಎತ್ತುತ್ತೇನೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2018ರಿಂದ ವೈದ್ಯರು ಔಷಧಿ ಚೀಟಿಯಂತೆಯೇ ಅಲ್ಲಿನ ಲಲಿತಕಲಾ ಮ್ಯೂಸಿಯಂಗೆ ಉಚಿತ ಭೇಟಿಯ ಚೀಟಿ ಬರೆದುಕೊಡತೊಡಗಿದರು. ಅದರಲ್ಲಿ ಮನೆಯವರಿಗೂ ಪ್ರವೇಶವಿತ್ತು. ನೋಡಿಕೊಳ್ಳುವವರೂ ಒಂದು ಮಧ್ಯಾಹ್ನ ಬಿಡುವಾಗಬೇಕೆಂದು ಯೋಚಿಸಿದ ತಲೆಗೆ ನಮಸ್ಕಾರ.

ಕಲೆಯ ಬಲ ಕಾಣಬೇಕಾದರೆ ನಾನು ನೆನೆಯುವುದು ಸ್ವೀಡನ್ನಿನ ಕವಿ ತೊಮಾಸ್ ಟ್ರಾನ್ಸ್‌ಟ್ರೋಮರ್ ಅವರನ್ನು. ವೃತ್ತಿಯಲ್ಲಿ ಮನಶ್ಶಾಸ್ತ್ರಜ್ಞ, ಹವ್ಯಾಸದಲ್ಲಿ ಪಿಯಾನೋ ವಾದಕ. 1990ರಲ್ಲಿ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋದವು. ಕವಿಯ ಮಾತು ಹೋದ ಮೇಲೆ ಉಳಿಯುವುದೇನು? ಅವರಿಗೆ ಎಡಗೈ ಉಳಿಯಿತು. ಎಡಗೈಯೊಂದಕ್ಕೇ ಬರೆದ ಪಿಯಾನೋ ಕೃತಿಗಳನ್ನು ಹುಡುಕಿ ನುಡಿಸಿದರು. ಸ್ವೀಡನ್ನಿನ ಸಂಗೀತ ರಚನಕಾರರು ಅವರಿಗೆಂದೇ ಹೊಸದಾಗಿ ಬರೆದುಕೊಟ್ಟರು. 1996ರಲ್ಲಿ ಮತ್ತೆ ಕವನ ಸಂಕಲನ ಬಂತು, 2004ರಲ್ಲಿ ಇನ್ನೊಂದು. ಅದರಲ್ಲಿ ಹೆಚ್ಚಿನವು ಹೈಕು. 2011ರಲ್ಲಿ ನೊಬೆಲ್. ನೊಬೆಲ್ಲಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ರಚನಕಾರರ ನಡವಳಿಕೆ. ಪಾಪ ಎನ್ನದೆ, ಕಷ್ಟದ್ದನ್ನೇ ಬರೆದು ಕೊಟ್ಟು, ನುಡಿಸಿ ಎಂದರಲ್ಲ, ಅದು.

ಈಗ ನಮ್ಮೂರಿಗೆ ಬರುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಿದ್ದವರು ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ. ಅದೇ ಮಾನಸಗಂಗೋತ್ರಿಯಲ್ಲಿ, ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ, ವಿಶ್ವವಿದ್ಯಾಲಯ 1968ರಲ್ಲಿ ಕಟ್ಟಿದ ಜಾನಪದ ವಸ್ತುಸಂಗ್ರಹಾಲಯ ಇದೆ. ಕೊಳಗ, ಗೊಂಬೆ, ನೇಗಿಲು, ಆಭರಣ, ಅಡುಗೆಮನೆಯ ನೂರೆಂಟು ಸಾಮಾನು. ಒಂದು ಕಡೆ ಹೆಸರು ಮರೆತವರು, ಇನ್ನೊಂದು ಕಡೆ ಹೆಸರು ಮರೆತುಹೋಗುತ್ತಿರುವ ವಸ್ತುಗಳು. ನಡುವೆ ಒಂದು ಆಟೋ ಮಿನಿಮಮ್ ಚಾರ್ಜಿನಷ್ಟು ದೂರ. ರಾಮನಗರದ ಹತ್ತಿರ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಬೆಂಗಳೂರಿನ ಜೆ. ಪಿ. ನಗರದ ಸಂಗೀತ ಮ್ಯೂಸಿಯಂನ ಅಂಗಳದಲ್ಲಿ ಬಡಿದು, ಮೀಟಿ ನೋಡಲೆಂದೇ ಇಟ್ಟ ವಾದ್ಯಗಳಿವೆ.

ವಸ್ತುಗಳ ಕೊರತೆ ನಮಗಿಲ್ಲ. ಇರುವುದು ಮೆಟ್ಟಿಲು ಮತ್ತು 'ಮುಟ್ಟಬಾರದು' ಬೋರ್ಡು. ಒಂದೂರಿನ ಮ್ಯೂಸಿಯಂಗೆ ವೀಲ್‌ಚೇರಿನ ಮೂವರನ್ನು ಕರೆದುಕೊಂಡು ಹೋಗಿದ್ದೆ. ಒಂಬತ್ತು ಮೆಟ್ಟಿಲು. ಕಾವಲಿನವರು ಒಳ್ಳೆಯವರು, ಇಬ್ಬರು ಸೇರಿ ಎತ್ತಿಯೇ ಬಿಟ್ಟರು. ಎತ್ತಿಸಿಕೊಂಡವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರು; ಶಾಲೆಯ ಮಕ್ಕಳ ಸಾಲೊಂದು ನಿಂತು ನೋಡುತ್ತಿತ್ತು. ಒಳಗೆ ಹೋದಮೇಲೆ ಅವರು ಯಾವುದನ್ನೂ ನೋಡಲಿಲ್ಲ. ಅವತ್ತಿನ ತಪ್ಪು ನನ್ನದು, ಮೊದಲೇ ಹೋಗಿ ಮೆಟ್ಟಿಲು ಎಣಿಸಬೇಕಿತ್ತು. ಅಪರೂಪದ ವಸ್ತುವನ್ನು ಎಲ್ಲರ ಕೈಗೆ ಕೊಡಲಾಗದು, ಒಪ್ಪುತ್ತೇನೆ. ಆದರೆ ಒಂದೇ ಬಗೆಯ ಹತ್ತು ಹದಿನೈದು ಪಾವು, ಸೇರು ಉಗ್ರಾಣದಲ್ಲಿ ದೂಳು ತಿನ್ನುತ್ತಿರುತ್ತವೆ. ಅವುಗಳಲ್ಲಿ ಆರನ್ನು ಒಂದು ಪೆಟ್ಟಿಗೆಗೆ ಹಾಕಿ, ವಾರಕ್ಕೊಮ್ಮೆ ಆಸ್ಪತ್ರೆಗೆ ಕಳಿಸಲು ಬೇಕಾದದ್ದು ಒಂದು ರಿಜಿಸ್ಟರು, ಒಂದು ಸಹಿ, ಕೂತು ಕೇಳುವ ಒಬ್ಬ ಮನುಷ್ಯ. ಮೂರನೆಯದೇ ಕಷ್ಟ. ಮಾತಿಲ್ಲದವರ ಎದುರು ಸುಮ್ಮನೆ ಕೂರುವುದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಅಡಿಕೆ ತೋಟದ ಯಜಮಾನರ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮನೆಗೆ ಹೋದ ಎರಡು ತಿಂಗಳಿಗೆ ತಪಾಸಣೆಗೆ ಬಂದರು. ಕೋಲು ಊರಿ ನಡೆಯುತ್ತಿದ್ದರು, ಮಾತು ಐದಾರಕ್ಕೆ ಏರಿತ್ತು. ಕೂತವರೇ ಹೆಂಡತಿಯ ಚೀಲದ ಕಡೆ ಗದ್ದ ಎತ್ತಿದರು. ಆಕೆ ಟವೆಲಿನಲ್ಲಿ ಸುತ್ತಿದ್ದೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಗೇಣುದ್ದದ ಮರದ ಸಾಮಾನು. ಒಂದು ತುದಿಯಲ್ಲಿ ತೂತು, ನಡುವೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಎರಡು ಗೀರು, ಕೈಯ ಬೆವರಿಗೆ ಕರ್ರಗಾಗಿ ಮಿರುಗುವ ಹಿಡಿ. ಯಜಮಾನರು ಅದನ್ನು ಎಡಗೈಯಿಂದ ನನ್ನ ಮುಖದ ಮುಂದೆ ಹಿಡಿದರು.

'ಬಾವಿದಾ?' ಎಂದೆ. ತಲೆ ಅಡ್ಡಡ್ಡ ಅಲ್ಲಾಡಿತು. 'ದನದ ಕೊಟ್ಟಿಗೇದು?' ಇಲ್ಲ. 'ಕೊನೆ ಇಳಿಸೋಕೆ?' ಇಲ್ಲ, ಇಲ್ಲ. ಸೊಟ್ಟಬಾಯಿಯ ಒಂದು ಕೊನೆಯಲ್ಲಿ ನಗು ಏರುತ್ತಾ ಬಂತು. ಹೆಂಡತಿಗೆ ನನ್ನ ಮೇಲೆ ಕನಿಕರ ಹುಟ್ಟಿ, 'ಅದೂ ಮೇಡಂ...' ಎಂದು ಶುರು ಮಾಡಿದರು. ಯಜಮಾನರು ವಸ್ತುವನ್ನು ತೊಡೆಯ ಮೇಲಿಟ್ಟು, ಎಡಗೈಯನ್ನು ಆಕೆಯ ಬಾಯಿಗೆ ಅಡ್ಡ ಹಿಡಿದು, ನನ್ನ ಕಡೆ ನೋಡಿ ಅಂದರು: 'ಹೂಂ. ಹೇಳಿ.'